ಪರದೆಯ ಪಕ್ಕದ ಗಂಡ

ಒಬ್ಬೊಬ್ಬರಿಗೆ ಒಂದೊಂದು ಚಟ. ನಶ್ಯ, ಇಸ್ಪೀಟು, ಎಲೆಅಡಿಕೆ, ಪಕ್ಕದ ಮನೆಯ ಪೇಪರನ್ನು ಅವರು ಏಳುವ ಮೊದಲೇ ಓದಿ ಮೊದಲಿನಂತೆ ಮಡಿಸಿಡುವುದು, ಹೀಗೆ. ಇಂಥವನ್ನು ಬಿಡಿಸಲು ಡಾಕ್ಟರಿದ್ದಾರೆ, ಸ್ವಾಮೀಜಿಗಳಿದ್ದಾರೆ, ಯಾರೂ ಸಿಗದಿದ್ದರೆ ಹೆಂಡತಿಯಂತೂ ಇದ್ದೇ ಇದ್ದಾಳೆ. ನನ್ನ ಚಟಕ್ಕೆ ಮಾತ್ರ ಎಲ್ಲೂ ಮದ್ದಿಲ್ಲ. ಎದುರಿಗಿರುವವರು ಆಡಲಿರುವ ಮಾತನ್ನು ಅವರಿಗಿಂತ ಅರೆಕ್ಷಣ ಮುಂಚೆ ನಾನು ಪಿಸುಗುಟ್ಟಿಬಿಡುತ್ತೇನೆ. ಬೇಕೆಂದು ಮಾಡುವುದಲ್ಲ, ತುಟಿ ತಾನಾಗಿಯೇ ಅಲುಗುತ್ತದೆ. ಬ್ಯಾಂಕಿನ ಕೌಂಟರಿನ ಹುಡುಗಿ ‘ಸರ್ವರ್’ ಎಂದು ಬಾಯಿ ತೆರೆದರೆ ‘ಡೌನ್ ಆಗಿದೆ, ನಾಳೆ ಬನ್ನಿ’ ಎಂದು ನಾನೇ ಮುಗಿಸಿ, ನಾನೇ ಎದ್ದು ಮನೆಗೆ ಬಂದಿದ್ದೇನೆ. ಒಮ್ಮೆ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ತಂದೆ ತೀರಿಕೊಂಡಾಗ ಮಾತನಾಡಿಸಲು ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ‘ಅಪ್ಪ ಕೊನೇ ಗಳಿಗೇಲಿ ಕಣ್ಣು ಬಿಟ್ಟು...’ ಎಂದು ಅವರು ಗದ್ಗದರಾದರು. ‘ನಿಮ್ಮನ್ನೇ ನೋಡಿದರು’ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವರು ಕಣ್ಣೊರೆಸಿಕೊಂಡು ನನ್ನನ್ನು ಸ್ವಲ್ಪ ಹೊತ್ತು ನೋಡಿ, ‘ಇಲ್ಲ, ಟೀವಿ ಸೌಂಡ್ ಜಾಸ್ತಿ ಮಾಡು ಅಂದ್ರು’ ಎಂದರು.

ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು. ನನ್ನ ಹೆಂಡತಿ ಸರ್ವಮಂಗಳ ನಟಿ. ಹೊಳೆನರಸೀಪುರದವಳು. ಅವಳಪ್ಪ ನಾಟಕದ ಡ್ರೆಸ್ಸು, ಕಿರೀಟ, ಗದೆ, ಪರದೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಕಡೆ ಹಳ್ಳಿ ನಾಟಕದ ರೀತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಊರಿನ ಗಂಡಸರು, ಅಂದರೆ ಅಂಗಡಿಯವನು, ಲೈನ್‌ಮನ್, ಹೈಸ್ಕೂಲು ಮೇಷ್ಟ್ರು, ಎಲ್ಲರೂ ಸೇರಿ ಹಾರ್ಮೋನಿಯಂ ಬಾರಿಸುವ ಡ್ರಾಮಾ ಮೇಷ್ಟ್ರ ಕೈಲಿ ಮೂರು ತಿಂಗಳು ಪೌರಾಣಿಕ ನಾಟಕ ಕಲಿಯುತ್ತಾರೆ. ಊರಿನ ಹೆಂಗಸರು ಯಾರೂ ಸ್ಟೇಜು ಹತ್ತುವುದಿಲ್ಲ. ಹಾಗಾಗಿ ಹೆಣ್ಣು ಪಾತ್ರಕ್ಕೆ ಪಟ್ಟಣದಿಂದ ನಟಿಯರನ್ನು ಕರೆಸುತ್ತಾರೆ. ಆ ನಟಿ ಊರಿಗೆ ಬರುವುದು ನಾಟಕದ ದಿನ ಸಂಜೆಯ ಬಸ್ಸಿಗೆ. ತನ್ನ ಮಹಾರಾಜನನ್ನು ಅವಳು ಮೊದಲು ನೋಡುವುದು ಅವನು ಮುಖಕ್ಕೆ ಬಣ್ಣ ಬಳಿದುಕೊಂಡು ಬೀಡಿ ಸೇದುತ್ತಿರುವಾಗ. ಒಂದೇ ನಾಟಕವಾದರೂ ಒಬ್ಬೊಬ್ಬ ಮೇಷ್ಟ್ರದೂ ಒಂದೊಂದು ಪಾಠ, ಒಂದೊಂದು ರಾಗ. ಅವಳು ಕಲಿತ ರಾಣಿ ಒಂದು ಥರ, ಇವರು ಕಲಿತ ರಾಜ ಇನ್ನೊಂದು ಥರ. ಎರಡೂ ಹೊಂದದ ಕಡೆ ಕೈಹಿಡಿಯಲು ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ಒಬ್ಬ ನಿಂತಿರಬೇಕು. ಅವನೇ ಪ್ರಾಂಪ್ಟರ್.

ನಾನಾಗ ಗೊರೂರಿನಲ್ಲಿ ನೀರಾವರಿ ಇಲಾಖೆಯ ಗುಮಾಸ್ತ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ರಾಮನಾಥಪುರದಲ್ಲಿ ಗೆಳೆಯನೊಬ್ಬ ಮಂತ್ರಿಯ ಪಾತ್ರ ಹಾಕಿದ್ದಾನೆಂದು ನಾಟಕ ನೋಡಲು ಹೋಗಿದ್ದೆ. ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಪ್ರಾಂಪ್ಟರನ ಕನ್ನಡಕದ ಮೇಲೆ ಸೇನಾಧಿಪತಿ ಕೂತುಬಿಟ್ಟ. ಡ್ರಾಮಾ ಮೇಷ್ಟ್ರು ಪರದೆ ಸರಿಸಿ ಹೊರಗೆ ಬಂದು, ‘ಯಾರಾರ ಓದಕ್ ಬರೋರು ಇದ್ರೆ ಬನ್ರಪ್ಪಾ, ಮರ್ವಾದೆ ಉಳಿಸ್ರಪ್ಪಾ’ ಎಂದು ಮೊರೆಯಿಟ್ಟರು. ಸರ್ಕಾರಿ ಗುಮಾಸ್ತ ಕೂತಿದ್ದಾಗ ಇನ್ಯಾರು ಏಳುತ್ತಾರೆ? ಎದ್ದೆ. ಪರದೆಯ ಪಕ್ಕ ನಿಂತೆ. ಮೊಳದೂರದಲ್ಲಿ ರಾಜಮಾತೆ ನಿಂತಿದ್ದಳು. ನಾನು ಪಿಸುಗುಟ್ಟಿದೆ, ಅವಳು ನುಡಿದಳು. ನನ್ನ ಬಾಯಿಂದ ಹೊರಟ ಒಣ ಮಾತು ಅವಳ ಬಾಯಲ್ಲಿ ಹೀಗಾಗುತ್ತದೆಯೇ ಎಂದು ನನಗೆ ರೋಮಾಂಚನವಾಗಿಬಿಟ್ಟಿತು. ಮಂಗಳಾರತಿಯ ಹೊತ್ತಿಗೆ ನಾನು ಅವಳನ್ನೇ ಮದುವೆಯಾಗುವುದೆಂದು ತೀರ್ಮಾನಿಸಿದ್ದೆ. ವಿಷಯ ಅವಳಿಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ನಮ್ಮಮ್ಮ ‘ನಾಟಕದೋಳಾ?’ ಎಂದು ಮೂರು ದಿನ ಊಟ ಬಿಟ್ಟರು. ನಾಲ್ಕನೇ ದಿನ ಇವಳೇ ನಮ್ಮ ಮನೆಗೆ ಬಂದು ‘ಅತ್ತೆ, ಏಳಿ’ ಎಂದಳು. ಆ ದನಿಯಲ್ಲಿ ಏನಿತ್ತೋ, ಅಮ್ಮ ಎದ್ದು ಇಬ್ಬರಿಗೂ ಉಪ್ಪಿಟ್ಟು ಮಾಡಿದರು.

ರಾಜಮಾತೆ ಎಂದೆನಲ್ಲ, ಅದೇ ಅವಳ ಹಣೆಬರಹ. ಈ ನಲವತ್ತು ವರ್ಷದಲ್ಲಿ ಅವಳು ಒಂದು ದಿನವೂ ನಾಯಕಿಯಾಗಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ಬಣ್ಣ ಹಚ್ಚಿದಾಗಲೇ ಅರಕಲಗೂಡಿನ ಮೇಷ್ಟ್ರೊಬ್ಬರು ಅವಳನ್ನು ಮೇಲಿಂದ ಕೆಳಕ್ಕೆ ನೋಡಿ, ‘ಈ ಯಮ್ಮನ್ ಮಕ್ದಾಗೆ ತೂಕ ಐತೆ ಕಣ್ರಲಾ, ಇವ್ರನ್ನ ತಾಯಿ ಮಾಡ್ರಿ’ ಎಂದರಂತೆ. ಅವತ್ತು ಅವಳ ‘ಕಂದ’ನಿಗೆ ಐವತ್ತೆರಡು ವರ್ಷ, ಮುಂದಿನ ಎರಡು ಹಲ್ಲಿರಲಿಲ್ಲ. ಆಮೇಲೆ ಕೊಣನೂರಿನಲ್ಲಿ ತಾಯಿ, ಚನ್ನರಾಯಪಟ್ಟಣದಲ್ಲಿ ಮಲತಾಯಿ, ಹಾಸನದ ಹವ್ಯಾಸಿ ತಂಡಗಳಲ್ಲಿ ಅತ್ತೆ, ಸೋದರತ್ತೆ, ವಠಾರದ ಯಜಮಾನಿ. ಟೀವಿ ಧಾರಾವಾಹಿಗಳು ಬಂದವು. ಅಲ್ಲೂ ಅತ್ತೆ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಸೊಸೆಗೆ ಕಾಟ ಕೊಟ್ಟು, ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದಳು. ಒಂದು ಸಲ ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ಇವಳ ತೋಳು ಹಿಡಿದು, ‘ಅಲ್ಲಾ ಕಣವ್ವಾ, ಆ ಮಗೀನ್ ಯಾಕಂಗ್ ಗೋಳುಯ್ಕೊತೀಯೆ? ನೀನ್ ಒಟ್ಟೆಗೇನ್ ತಿಂತೀಯೆ?’ ಎಂದು ಬೈದು, ಆಮೇಲೆ ಇವಳ ಮುಖ ನೋಡಿ ಕರಗಿ, ಚೀಲದಿಂದ ಎರಡು ಕಿತ್ತಲೆ ತೆಗೆದುಕೊಟ್ಟು, ‘ತಿನ್ನು, ಅಷ್ಟೊತ್ತು ಕಿರುಚಿ ಗಂಟ್ಲು ಒಣಗಿರ್ತದೆ’ ಎಂದಳಂತೆ. ವಯಸ್ಸಾದ ಮೇಲೆ ಅತ್ತೆಯ ಜಾಗಕ್ಕೆ ಅಜ್ಜಿ ಬಂದಳು. ಒಂದು ಧಾರಾವಾಹಿಯಲ್ಲಂತೂ ಅಜ್ಜಿ ಪ್ರಜ್ಞೆ ತಪ್ಪಿ ನಾಲ್ಕು ತಿಂಗಳು ಮಂಚದ ಮೇಲೆ ಮಲಗಿದ್ದಳು. ನಮ್ಮ ಸಂಸಾರದಲ್ಲಿ ಅವಳಿಗೆ ಸರಿಯಾಗಿ ನಿದ್ದೆ ಸಿಕ್ಕಿದ ನಾಲ್ಕು ತಿಂಗಳೆಂದರೆ ಅವೇ.

ಮಂಡಿ ನೋವು ಶುರುವಾದ ಮೇಲೆ ಅವಳು ದನಿಗೆ ಇಳಿದಳು. ಬೇರೆ ಭಾಷೆಯ ಧಾರಾವಾಹಿ, ಕಾರ್ಟೂನುಗಳಿಗೆ ಕನ್ನಡದಲ್ಲಿ ಮಾತು ಕೊಡುವ ಕೆಲಸ. ಅಲ್ಲೂ ನಾಯಕಿಗಲ್ಲ. ಮುದಿ ಆಮೆ, ಮಾಟಗಾತಿ, ಏಳು ಮರಿಗಳ ತಾಯಿ ಹಂದಿ. ಇಲ್ಲಿ ಹಾಸನದಲ್ಲಿ ನಮ್ಮ ಬಡಾವಣೆಗೆ ಬರುವ ಕಸದ ಗಾಡಿಯಲ್ಲಿ ‘ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ’ ಎಂದು ಸಾರುವುದೂ ಇವಳ ದನಿಯೇ. ಬೆಳಿಗ್ಗೆ ಅಡುಗೆಮನೆಯಿಂದ ಒಂದು ಸಲ, ಗೇಟಿನ ಆಚೆಯಿಂದ ಒಂದು ಸಲ, ಹೀಗೆ ದಿನವೂ ನನಗೆ ಎರಡೆರಡು ಬಾರಿ ಅಪ್ಪಣೆಯಾಗುತ್ತದೆ.

ಇಷ್ಟೆಲ್ಲದರಲ್ಲಿ ನಿನ್ನ ಪಾತ್ರವೇನಯ್ಯಾ ಎಂದು ನೀವು ಕೇಳಬಹುದು. ಎಲ್ಲದರಲ್ಲೂ ನಾನಿದ್ದೇನೆ. ಶನಿವಾರ ಭಾನುವಾರ ಅವಳ ಜೊತೆ ಊರೂರು ತಿರುಗಿ ಪರದೆಯ ಪಕ್ಕ ನಿಂತಿದ್ದೇನೆ. ಟೀವಿ ಕಾಲದಲ್ಲಿ ಮನೆಯಲ್ಲಿ ಕೂತು ಅವಳೆದುರಿನ ಪಾತ್ರದ ಮಾತನ್ನು ನಾನು ಓದಬೇಕು, ಅವಳು ತನ್ನದನ್ನು ಒಪ್ಪಿಸಬೇಕು. ಗೊರೂರಿನ ಕ್ವಾರ್ಟರ್ಸಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದವರು ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಅಂಥಲ್ಲಿ ನಾನು ಸೊಸೆಯಾಗಿ, ‘ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಮನೆಯಿಂದ ಆಚೆ ಹಾಕಬೇಡಿ’ ಎಂದು ಅಳುತ್ತಿದ್ದೆ. ಮರುದಿನ ಇಂಜಿನಿಯರು ಬಾಗಿಲು ಹಾಕಿಕೊಂಡು ನನ್ನನ್ನು ಒಳಗೆ ಕೂರಿಸಿ, ‘ಏನೇ ಇದ್ರೂ ಹೇಳ್ಕೊಳ್ರಿ, ಗಂಡಸರಿಗೂ ಕಷ್ಟ ಇರುತ್ತೆ’ ಎಂದರು. ಅಂಥ ಅವಮಾನಗಳನ್ನೆಲ್ಲ ನಾನು ಕಲಾಸೇವೆ ಎಂದು ನುಂಗಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅವಳ ಬಾಯಿಂದ ಬರುವ ಪ್ರತಿ ಮಾತೂ ಮೊದಲು ನನ್ನ ಬಾಯಿಂದ ಬಂದದ್ದು. ಜನ ಅವಳಿಗೆ ಚಪ್ಪಾಳೆ ತಟ್ಟಿದರೆ ಅದರಲ್ಲಿ ಎಂಟಾಣೆ ಪಾಲು ನನ್ನದೇ ಎಂದುಕೊಂಡು ನಾನು ಪರದೆಯ ಹಿಂದೆ ತಲೆ ಬಾಗಿಸುತ್ತಿದ್ದೆ.

ಮೊನ್ನೆ ಮೊನ್ನೆ ಬೆಂಗಳೂರಿನ ಸ್ಟುಡಿಯೋದಿಂದ ಸಿಂಧು ಎಂಬ ಹುಡುಗಿ ಫೋನು ಮಾಡಿದಳು. ಹೊಸದೊಂದು ಕಾರ್ಟೂನ್ ಧಾರಾವಾಹಿ. ಮರಳುಗಾಡಿನಲ್ಲಿ ತನ್ನ ಊರಿಗೆ ನೀರು ಹುಡುಕಿ ಹೊರಟ ಹದಿನಾಲ್ಕು ವರ್ಷದ ಹುಡುಗಿ, ಜೊತೆಗೆ ಒಂದು ಒಂಟೆ. ‘ನಿಮ್ಮ ವಾಯ್ಸು ಹುಡುಗಿಗೆ ಟ್ರೈ ಮಾಡೋಣ ಅನ್ಕೊಂಡಿದೀವಿ ಮೇಡಂ’ ಎಂದಳು. ಇವಳು, ‘ಹುಡುಗಿ ಅಜ್ಜಿಗಾ?’ ಎಂದು ಕೇಳಿದಳು. ‘ಇಲ್ಲ ಮೇಡಂ, ಹುಡುಗೀಗೇ. ಹೀರೋಯಿನ್ನು.’ ಫೋನಿಟ್ಟ ಮೇಲೆ ಸರ್ವಮಂಗಳ ಕೈಲಿದ್ದ ಸೊಪ್ಪಿನ ಕಟ್ಟನ್ನು ಫ್ರಿಜ್ಜಿನ ಮೇಲಿಟ್ಟು, ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತಳು. ಮಂಡಿ ನೋವಿನವಳು ನೆಲದ ಮೇಲೆ ಕೂತು ಎಷ್ಟೋ ವರ್ಷವಾಗಿತ್ತು. ‘ಹೀರೋಯಿನ್ನಂತೆ ಕಣ್ರೀ’ ಎಂದಳು. ಅರವತ್ತೆರಡು ವರ್ಷದ ನನ್ನ ಹೆಂಡತಿಯ ಕಿವಿ ಕೆಂಪಗಾಗಿತ್ತು. ನನಗೆ ಅವಳ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಅವಳನ್ನು ಎಬ್ಬಿಸುವ ಬದಲು ನಾನೂ ಹೋಗಿ ಪಕ್ಕದಲ್ಲೇ ಕೂತೆ. ಆಮೇಲೆ ಇಬ್ಬರನ್ನೂ ಎಬ್ಬಿಸಲು ಪಕ್ಕದ ಮನೆಯ ಜಯಮ್ಮನವರನ್ನು ಕೂಗಬೇಕಾಯಿತು.

ಆದರೆ ಪಾತ್ರ ಇನ್ನೂ ಕೈಗೆ ಬಂದಿರಲಿಲ್ಲ. ಇಪ್ಪತ್ತೆರಡರ ಇನ್ನೊಬ್ಬ ಹುಡುಗಿಯನ್ನೂ ಅವರು ನೋಡುತ್ತಿದ್ದರು. ಒಂದು ದೃಶ್ಯವನ್ನು ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಗುರುವಾರ ಸಂಜೆ ಐದರೊಳಗೆ ಕಳಿಸಬೇಕು, ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತಾರೆ. ಗುರುವಾರ ಮಧ್ಯಾಹ್ನ ನಮ್ಮ ಒಳಕೋಣೆ ಸ್ಟುಡಿಯೋ ಆಯಿತು. ಕಿಟಕಿಗೆ ಹಾಸಿಗೆ ಆನಿಸಿದೆವು, ಬಾಗಿಲ ಸಂದಿಗೆ ರಗ್ಗು ತುರುಕಿದೆವು. ಸೀರೆಗಳು ಸದ್ದು ಹೀರುತ್ತವೆಂದು ಬೀರುವಿನ ಬಾಗಿಲು ತೆಗೆದು ಅದರೆದುರು ಅವಳು ನಿಂತಳು. ಫ್ಯಾನು ಬಂದ್. ಜಯಮ್ಮನವರಿಗೆ ಐದು ಗಂಟೆಯವರೆಗೆ ಮಿಕ್ಸಿ ಹಾಕಬಾರದೆಂದು ವಿನಂತಿ. ನಾನು ಕಾಗದ ಹಿಡಿದು ಪಕ್ಕದಲ್ಲಿ ನಿಂತೆ. ಕೊನೆಯ ನೀರನ್ನು ಹುಡುಗಿ ತಾನು ಕುಡಿಯದೆ ಒಂಟೆಗೆ ಕುಡಿಸುವ ದೃಶ್ಯ. ಅವಳು ಎಷ್ಟು ಚೆನ್ನಾಗಿ ಮಾಡಿದಳೆಂದರೆ ನನಗೆ ಬಾಯಾರಿಕೆಯಾಯಿತು. ಮೂರು ಗಂಟೆಗೆಲ್ಲ ಕಳಿಸಿದೆವು.

ಮೂರೂಕಾಲಿಗೆ ಸಿಂಧು ಫೋನು. ‘ಮೇಡಂ, ಆ್ಯಕ್ಟಿಂಗ್ ಸೂಪರ್. ಆದ್ರೆ ನೀವು ಹೇಳೋ ಪ್ರತಿ ಮಾತನ್ನೂ ನಿಮಗಿಂತ ಮುಂಚೆ ಯಾರೋ ಹೇಳ್ತಿದಾರೆ ಮೇಡಂ. ಗಂಡಸಿನ ದನಿ. ನಮ್ಮ ಎಡಿಟರು ಹೆದರ್ಕೊಂಡು ಹೆಡ್‌ಫೋನ್ ತೆಗೆದುಬಿಟ್ರು.’ ‘ನಾನಲ್ಲ’ ಎಂದೆ. ಸರ್ವಮಂಗಳ ರೆಕಾರ್ಡಿಂಗನ್ನು ನನ್ನ ಕಿವಿಗೆ ಹಿಡಿದಳು. ‘ಇದೇ ಕೊನೇ ನೀರು’ ಎಂದು ಮರಳುಗಾಡಿನ ಗಾಳಿಯಂತೆ ಒಂದು ಪಿಸುದನಿ ಬಂತು. ಅದರ ಹಿಂದೆಯೇ ಅವಳ ದನಿ, ‘ಇದೇ ಕೊನೇ ನೀರು.’ ಮೂರು ಸಲ ಕೇಳಿಸಿಕೊಂಡೆ. ಮೂರು ಸಲವೂ ನಾನೇ ಆಗಿದ್ದೆ. ಅವಳು ರಗ್ಗು ಸರಿಸಿ ಬಾಗಿಲು ತೆಗೆದು, ‘ಒಸಿ ಆಚೆ ಕೂತ್ಕಳಿ’ ಎಂದಳು. ಟೀವಿಗೆ ಬಂದು ಇಷ್ಟು ವರ್ಷವಾದರೂ, ಕೋಪ ಬಂದಾಗ ಅವಳ ಬಾಯಿಂದ ಹೊಳೆನರಸೀಪುರವೇ ಹೊರಡುತ್ತದೆ.

ನಾನು ಹೊರಗೆ ಜಗಲಿಯ ಮೇಲೆ ಕೂತೆ. ಮನಸ್ಸಿಗೆ ನೋವಾಗಿತ್ತು. ಹೇಳಿಕೊಡುವವನಿಲ್ಲದೆ ಏನು ಮಾಡುತ್ತಾಳೋ ನೋಡೋಣ ಎಂಬ ಕೆಟ್ಟ ಬುದ್ಧಿಯೂ ಇತ್ತು. ಒಂದು ಗಂಟೆಯಾದ ಮೇಲೆ ಅವಳು ಬೆವರೊರೆಸಿಕೊಂಡು ಬಂದು ಫೋನನ್ನು ಮುಂದೆ ಚಾಚಿದಳು. ಕೇಳಿದೆ. ಮಾತು ಒಂದೂ ತಪ್ಪಿರಲಿಲ್ಲ, ಆದರೆ ಜೀವವಿರಲಿಲ್ಲ. ಮರಳುಗಾಡಿನ ಹುಡುಗಿ ಒಂಟೆಗೆ ಹಸಿ ಕಸ ಒಣ ಕಸ ಬೇರೆ ಮಾಡಲು ಹೇಳುತ್ತಿರುವಂತಿತ್ತು. ‘ನಾಲ್ಕು ಸಲ ಮಾಡ್ದೆ. ಆಗ್ತಿಲ್ಲ’ ಎಂದಳು. ಅವಳ ಮುಖ ಸಣ್ಣಗಾಗಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿಯಿರುವ ಗಂಡ ಸುಮ್ಮನಿರುತ್ತಾನೆ. ನಾನು, ‘ನೋಡಿದೆಯಾ? ನಾನು ಹೇಳಿಕೊಡದಿದ್ದರೆ ನಿನಗೆ ಮಾತು ಏಳೋದಿಲ್ಲ’ ಎಂದುಬಿಟ್ಟೆ.

ಅವಳು ನನ್ನನ್ನು ನೋಡಿದಳು. ಆಮೇಲೆ ತಡೆಯಲಾರದೆ ನಗತೊಡಗಿದಳು. ‘ನೀವ್ ಏಳ್ಕೊಟ್ಟಿದ್ನ ನಾನ್ ಯಾವತ್ರೀ ಕೇಳುಸ್ಕೊಂಡಿದೀನಿ? ನೀವು ಯಾವಾಗ್ಲೂ ಒಂದ್ ಪುಟ ಮುಂದೆ ಓಡ್ತೀರಿ. ರಾಮನಾಥಪುರದಾಗೆ ನಿಮ್ಮನ್ನ ನಂಬಿ, ಮಗ ಇನ್ನೂ ಯುದ್ಧಕ್ಕೇ ಓಗಿಲ್ಲ, ಸತ್ತೋದ ಅಂತ ಬಿದ್ದು ಒರಳಾಡಿ ಅತ್ತೆ. ಆ ವಯ್ಯ ಪಕ್ಕದಾಗೇ ನಿಂತವ್ನೆ! ಪಾಪ, ಬೇರೆ ದಾರಿ ಇಲ್ದೆ ಒಳಗೋಗಿ ಸತ್ತ. ಅವತ್ನಿಂದ ನಿಮ್ ಕಡೆ ಕಿವಿಗೆ ನಾನು ಅತ್ತಿ ಇಟ್ಕತಿದ್ದೆ.’

ಹತ್ತಿ! ಮೂವತ್ತೇಳು ವರ್ಷದ ಸಂಸಾರ. ಕೊಣನೂರಿನ ಸೊಳ್ಳೆ, ಅರಕಲಗೂಡಿನ ಚಳಿ, ಕೈಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಪುಟ ತಿರುವಿದ್ದು, ಎಲ್ಲವೂ ಒಂದು ಚೂರು ಹತ್ತಿಗೆ ಹೋಗಿ ಬಡಿದಿತ್ತು. ನನ್ನ ಎಂಟಾಣೆ ಚಪ್ಪಾಳೆಯ ಗತಿಯೇನಾಯಿತು? ‘ಮತ್ತೆ ಊರೂರಿಗೆ ನನ್ನನ್ನ ಯಾಕೆ ಎಳೆದುಕೊಂಡು ಹೋದೆ?’ ಎಂದು ಕೇಳಿದೆ. ನನ್ನ ದನಿ ನನಗೇ ಸೊಸೆಯ ದನಿಯಂತೆ ಕೇಳಿಸಿತು.

ಅವಳು ಜಗಲಿಯ ಮೇಲೆ ನನ್ನ ಪಕ್ಕ ಕೂತಳು. ಈಗ ಅವಳ ದನಿ ತಣ್ಣಗಾಗಿತ್ತು. ‘ಗುರುತಿಲ್ಲದ ಊರು. ಇಪ್ಪತ್ತು ಜನ ಗಂಡಸರು, ನಾನೊಬ್ಬಳು ಹೆಂಗಸು. ಮುಂದೆ ನೋಡಿದ್ರೆ ಬರೀ ಕತ್ತಲು, ಶಿಳ್ಳೆ. ಪಕ್ಕಕ್ಕೆ ಕಣ್ಣು ತಿರುಗಿಸಿದ್ರೆ ನೀವು ಕಾಣ್ತಿದ್ರಿ. ಬಾಯಿ ಬಿಟ್ಕೊಂಡು, ಕನ್ನಡಕ ಜಾರಿಸ್ಕೊಂಡು, ನಾನೇ ನಿಜವಾಗ್ಲೂ ಮಹಾರಾಣಿ ಅನ್ನೋ ಹಾಗೆ ನೋಡ್ತಿದ್ರಿ. ನಾನು ಮಾತಾಡ್ತಿದ್ದಿದ್ದು ಆ ಮುಖಕ್ಕೆ ರೀ. ಮಗನಿಗೂ ಅಲ್ಲ, ಜನಕ್ಕೂ ಅಲ್ಲ. ಈಗ ಒಳಗೆ ಬೀರು ನೋಡ್ಕೊಂಡು ಹೇಳು ಅಂದ್ರೆ ಎಲ್ಲಿ ಬರುತ್ತೆ?’

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಇಷ್ಟು ವರ್ಷ ಬಾಯಿ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದೆ, ಕೆಲಸ ಮಾಡುತ್ತಿದ್ದುದು ಮುಖ. ಈ ಮುಖಕ್ಕೂ ಒಂದು ಕೆಲಸವಿರಬಹುದೆಂದು ನನಗಾಗಲಿ, ನನ್ನ ಇಲಾಖೆಗಾಗಲಿ ಹೊಳೆದಿರಲಿಲ್ಲ.

ಆದರೆ ಗಂಟೆ ನಾಲ್ಕೂವರೆಯಾಗಿತ್ತು. ಮುಖ ಕೋಣೆಯ ಒಳಗಿರಬೇಕು, ದನಿ ಹೊರಗಿರಬೇಕು. ತುಟಿ ಬಿಗಿ ಹಿಡಿಯುತ್ತೇನೆಂದೆ, ಅವಳು ನಂಬಲಿಲ್ಲ. ಬಾಯಿಗೆ ಟವೆಲು ಕಟ್ಟಿ ನೋಡಿದೆವು. ಪಿಸುಮಾತು ಟವೆಲಿನಿಂದ ಸೋಸಿಕೊಂಡು ಇನ್ನೂ ಭಯಂಕರವಾಗಿ ಬಂತು. ಕೊನೆಗೆ ಅವಳು ಒಂದು ದೊಡ್ಡ ಲೋಟ ನೀರು ತಂದು, ‘ಬಾಯಿ ತುಂಬ ತುಂಬ್ಕೊಳ್ಳಿ. ನುಂಗಬೇಡಿ, ಉಗೀಬೇಡಿ, ನನ್ನನ್ನೇ ನೋಡ್ತಿರಿ’ ಎಂದಳು. ಕೆನ್ನೆ ಉಬ್ಬಿಸಿಕೊಂಡು ಬೀರುವಿನ ಮುಂದೆ ಸ್ಟೂಲಿನ ಮೇಲೆ ಕೂತೆ. ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಶುರು ಮಾಡಿದಳು.

‘ಕುಡಿ ಕಣೋ. ಇದೇ ಕೊನೇ ನೀರು. ನಂಗೇನೂ ಬಾಯಾರಿಕೆ ಇಲ್ಲ, ಸುಳ್ಳಲ್ಲ. ಎಲ್ಲರೂ ವಾಪಸು ಹೋದ್ರು, ನೀನೊಬ್ಬನೇ ಉಳ್ಕೊಂಡೆ. ನೀನು ನನ್ನ ನೋಡ್ತಾ ಇದ್ರೆ ಸಾಕು, ನಾನು ಎಷ್ಟು ದೂರ ಬೇಕಾದ್ರೂ ನಡೀತೀನಿ.’

ಎದುರಿಗೆ ಹದಿನಾಲ್ಕು ವರ್ಷದ ಹುಡುಗಿ ನಿಂತಿದ್ದಳು. ಮಂಡಿ ನೋವಿಲ್ಲ, ನರೆಗೂದಲಿಲ್ಲ, ಮುಖದಲ್ಲಿ ಯಾವ ತೂಕವೂ ಇಲ್ಲ. ನನ್ನ ಕಣ್ಣು ತುಂಬಿತು. ತಡೆಯಬೇಕೆಂದು ಎಷ್ಟು ಒದ್ದಾಡಿದರೂ ಆಗಲಿಲ್ಲ. ‘ಗುಳುಕ್’ ಎಂದು ಅಷ್ಟೂ ನೀರನ್ನು ಒಂದೇ ಸಲಕ್ಕೆ ನುಂಗಿಬಿಟ್ಟೆ. ಮುಚ್ಚಿದ ಕೋಣೆಯಲ್ಲಿ ಆ ಸದ್ದು ಗೊರೂರು ಅಣೆಕಟ್ಟಿನ ಗೇಟು ತೆಗೆದ ಹಾಗಿತ್ತು. ಅವಳು ನಿಲ್ಲಿಸಲಿಲ್ಲ, ಉಳಿದ ಎರಡು ಮಾತನ್ನೂ ಹೇಳಿ ಮುಗಿಸಿದಳು. ಇನ್ನೊಂದು ಸಲ ಮಾಡೋಣವೆನ್ನುವಷ್ಟರಲ್ಲಿ, ಪಕ್ಕದ ಮನೆಯಲ್ಲಿ ಜಯಮ್ಮನವರ ತಾಳ್ಮೆ ಮುಗಿದು ಮಿಕ್ಸಿ ಶುರುವಾಯಿತು. ಐದಕ್ಕೆ ಎರಡು ನಿಮಿಷ. ಇದ್ದದ್ದನ್ನೇ ಕಳಿಸಿದೆವು.

ಶುಕ್ರವಾರ ಫೋನಿಲ್ಲ. ಶನಿವಾರವೂ ಇಲ್ಲ. ‘ಆ ಹುಡುಗೀಗೇ ಕೊಟ್ಟಿರ್ತಾರೆ ಬಿಡಿ, ಅದೂ ಬದುಕಬೇಕಲ್ಲ’ ಎಂದು ಅವಳು ಬೀರುವಿನ ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಿಸಿದಳು. ಒಂದು ಮಾತಿನ ಬೈಗುಳವೂ ಇಲ್ಲ. ನಲವತ್ತು ವರ್ಷಕ್ಕೆ ಒಮ್ಮೆ ಬಾಗಿಲಿಗೆ ಬಂದ ನಾಯಕಿಯನ್ನು ನಾನು ಒಂದು ಗುಟುಕಿನಲ್ಲಿ ನುಂಗಿಬಿಟ್ಟೆನೆಂದು ನನಗೆ ಊಟ ಸೇರಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಕಸದ ಗಾಡಿ ಗೇಟಿನಲ್ಲಿದ್ದಾಗ ಸಿಂಧು ಫೋನು ಮಾಡಿದಳು. ಹೊರಗೆ ಸರ್ವಮಂಗಳ ಹಸಿ ಕಸ ಕೇಳುತ್ತಿದ್ದಳು, ಒಳಗೆ ಸರ್ವಮಂಗಳ ಬರೀ ‘ಹೂಂ, ಹೂಂ’ ಎನ್ನುತ್ತಿದ್ದಳು. ಕೊನೆಗೆ ಫೋನನ್ನು ಎದೆಗೆ ಒತ್ತಿಕೊಂಡು, ‘ನಾನೇ ಅಂತೆ ರೀ. ಹೀರೋಯಿನ್ನು ನಾನೇ ಅಂತೆ’ ಎಂದಳು. ನಾನು ಎರಡೂ ಕಸವನ್ನು ಒಂದೇ ಡಬ್ಬಕ್ಕೆ ಸುರಿದು ಓಡಿ ಬಂದೆ. ಫೋನಿನಲ್ಲಿ ಸಿಂಧು ಇನ್ನೂ ಮಾತನಾಡುತ್ತಿದ್ದಳು. ‘ಮೇಡಂ, ಇನ್ನೊಂದು ವಿಷಯ. ಆ ಒಂಟೆ ನೀರು ಕುಡಿಯೋ ಸೌಂಡು ಎಲ್ಲಿಂದ ತಗೊಂಡ್ರಿ? ನಮ್ಮ ಹತ್ರ ಇರೋದು ಯಾವುದೂ ಅಷ್ಟು ನ್ಯಾಚುರಲ್ ಆಗಿಲ್ಲ.’ ಇವಳು ನನ್ನ ಮುಖ ನೋಡಿ, ‘ಎಲ್ಲಿಂದ್ಲೂ ತಂದಿಲ್ಲಮ್ಮ. ಅದು ನಮ್ಮ ಮನೇದೇ’ ಎಂದಳು.

ಹೀಗೆ ಬರುವ ವಾರ ನಾವಿಬ್ಬರೂ ಬೆಂಗಳೂರಿಗೆ ಹೊರಟಿದ್ದೇವೆ. ಧಾರಾವಾಹಿಯ ಉದ್ದಕ್ಕೂ ಒಂಟೆ ಮತ್ತೆ ಮತ್ತೆ ನೀರು ಕುಡಿಯುತ್ತದೆಯಂತೆ, ಒಮ್ಮೆ ಸಂತೋಷದಿಂದ, ಒಮ್ಮೆ ದುಃಖದಿಂದ. ಕಲಾವಿದರು ಸುಮ್ಮನೆ ಹೋಗಿ ನಿಲ್ಲುವ ಹಾಗಿಲ್ಲ, ಆದ್ದರಿಂದ ದಿನಾ ಸಂಜೆ ಜಗಲಿಯ ಮೇಲೆ ಲೋಟ ಹಿಡಿದು ಅಭ್ಯಾಸ ಮಾಡುತ್ತೇನೆ. ನಿನ್ನೆ ದುಃಖದ ಗುಟುಕಿನಲ್ಲಿದ್ದೆ. ಭಾವ ಇನ್ನೇನು ತುಂಬಿ ಬರಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಸರ್ವಮಂಗಳ, ‘ಹೂಂ, ಈಗ ನುಂಗಿ’ ಎಂದು ಪಿಸುಗುಟ್ಟಿದಳು. ಸರಿಯಾಗಿ ಅರೆಕ್ಷಣ ಮುಂಚೆ. ಕಲಾವಿದರಿಗೆ ಹೀಗೆ ಹೇಳಿಕೊಡಬಾರದು, ಅದು ಅವಮಾನ ಎಂದು ಅವಳಿಗೆ ಸರಿಯಾಗಿ ಹೇಳಬೇಕೆಂದುಕೊಂಡೆ. ಬಾಯಿ ತುಂಬ ನೀರಿತ್ತು.